ಬಂಧಿತ ವಾನರರ ಹಗಲು

1953ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ರಾಬರ್ಟ್ ಬಟ್ಲರ್ ಎಂಬ ಮನಶ್ಶಾಸ್ತ್ರಜ್ಞನು ಕೆಲವು ಕಪಿಗಳನ್ನು ಒಂದೊಂದಾಗಿ, ಹೊರಗಿನದೇನೂ ಕಾಣದಂತೆ ಮುಚ್ಚಿದ ಪೆಟ್ಟಿಗೆಯೊಳಗಿರಿಸಿ, ಅದರ ಗೋಡೆಗೆ ಎರಡು ಪುಟ್ಟ ಕದಗಳನ್ನಿಟ್ಟು, ಅವುಗಳಿಗೆ ಬೇರೆ ಬೇರೆ ಬಣ್ಣದ ಗುರುತು ಹಚ್ಚಿ, ಸರಿಯಾದ ಬಣ್ಣದ ಕದವನ್ನು ತಳ್ಳಿದ ಕಪಿಗೆ ಅರ್ಧ ನಿಮಿಷದ ಹೊತ್ತು ಹೊರಗಿನ ಕೋಣೆಯನ್ನು ನೋಡುವ ಅವಕಾಶವನ್ನಷ್ಟೇ ಬಹುಮಾನವಾಗಿ ಕೊಡುವ ಏರ್ಪಾಡು ಮಾಡಿದನು. ಹಣ್ಣಿನ ಆಸೆಯಿಲ್ಲ, ಕಾಳಿನ ಆಮಿಷವಿಲ್ಲ. ಆದರೂ ಕಪಿಗಳು ಬಣ್ಣದ ಗುಟ್ಟನ್ನು ಕಲಿತುಕೊಂಡವು, ಕಲಿತು ಗಂಟೆಗಟ್ಟಲೆ ಕದ ತಳ್ಳಿದವು, ಹೊರಗೆ ಮತ್ತೊಂದು ಕಪಿ ಕಾಣುವಂತಿದ್ದರಂತೂ ತಳ್ಳುವ ಉತ್ಸಾಹ ಇಮ್ಮಡಿಯಾಯಿತು. ಅದೇ ಪ್ರಯೋಗಶಾಲೆಯ ಹ್ಯಾರಿ ಹಾರ್ಲೋ ಎಂಬಾತನು ಅದಕ್ಕೆ ಮೂರು ವರ್ಷ ಮೊದಲೇ, ಕೊಕ್ಕೆ, ಅಗುಳಿ, ತಿರುಗುಮೊಳೆಗಳನ್ನು ಜೋಡಿಸಿದ ಹಲಗೆಗಳನ್ನು ಕಪಿಗಳ ಮುಂದಿಟ್ಟು, ಯಾವ ಪ್ರತಿಫಲವೂ ಇಲ್ಲದೆ ಅವು ಆ ಹಲಗೆಗಳನ್ನು ಮತ್ತೆ ಮತ್ತೆ ಬಿಡಿಸುತ್ತ ಕುಳಿತುದನ್ನು ಕಂಡು ವರದಿಮಾಡಿದ್ದನು.

ಈ ಎರಡು ಪ್ರಯೋಗಗಳು ತಿಳಿಸುವ ತತ್ತ್ವ ಸರಳವಾದದ್ದು. ವಾನರವು ಹೊಟ್ಟೆ ತುಂಬಿದ ಮಾತ್ರಕ್ಕೆ ತೃಪ್ತವಾಗತಕ್ಕ ಜೀವಿಯಲ್ಲ. ನೋಡುವುದು, ಕೆದಕುವುದು, ಬಿಡಿಸುವುದು, ಸಂಗಡಿಗರೊಡನೆ ಕೂಡುವುದು ಇವೆಲ್ಲವೂ ಅದಕ್ಕೆ ಅನ್ನದಷ್ಟೇ ಅವಶ್ಯವಾದವು. ಹೀಗಿದ್ದರೂ, ನಮ್ಮ ಮೃಗಾಲಯಗಳಲ್ಲಾಗಲಿ ಪ್ರಯೋಗಶಾಲೆಗಳಲ್ಲಾಗಲಿ ಬಂಧನದಲ್ಲಿರುವ ಕಪಿ, ಮುಸುವ, ಚಿಂಪಾಂಜಿ, ಗೊರಿಲ್ಲಾಗಳ ಕ್ಷೇಮವನ್ನು ಅಳೆಯುವಾಗ ನಾವು ಕೇಳುವ ಪ್ರಶ್ನೆಗಳೆಂದರೆ ಮೇವು ಸರಿಯಾಗಿದೆಯೇ, ನೆಲ ತೊಳೆದಿದೆಯೇ, ರೋಗರುಜಿನವೇನಾದರೂ ಉಂಟೇ ಎಂಬಿಷ್ಟೇ. ಈ ಪ್ರಾಣಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಗೆ ಸಿಗುವ ಉತ್ತರವೇ ಬಂಧನದ ಯೋಗ್ಯತೆಗೆ ನಿಜವಾದ ಒರೆಗಲ್ಲು ಎಂಬುದು ಈ ಲೇಖನದ ವಾದ.

ಕಾಡಿನಲ್ಲಿ ವಾನರದ ಹಗಲು ಹೇಗೆ ಕಳೆಯುತ್ತದೆಂಬುದನ್ನು ಮೊದಲು ನೋಡೋಣ. ಪಶ್ಚಿಮಘಟ್ಟಗಳಿಗಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಸೇರದ ನಮ್ಮ ಸಿಂಗಳೀಕವು, ಶರಾವತಿ ಅಘನಾಶಿನಿಗಳ ಕಣಿವೆಯಿಂದ ತೆಂಕಣ ತುದಿಯ ಮಲೆಗಳವರೆಗೆ ಉಳಿದಿರುವ ಮಳೆಕಾಡಿನ ತುಣುಕುಗಳಲ್ಲಿ, ನೆಲಕ್ಕಿಳಿಯುವುದೇ ಅಪರೂಪವೆಂಬಂತೆ ಮರದ ನೆತ್ತಿಯಿಂದ ನೆತ್ತಿಗೆ ಸಾಗುತ್ತ, ಅತ್ತಿಯ ಜಾತಿಯ ಹಣ್ಣುಗಳನ್ನು ಆಯುತ್ತ, ತೊಗಟೆ ಸುಲಿದು, ಸುರುಳಿಗೊಂಡ ಎಲೆ ಬಿಡಿಸಿ, ಪಾಚಿಯ ಸಂದಿಯಲ್ಲಿ ಬೆರಳಾಡಿಸಿ ಹುಳುಹುಪ್ಪಟೆಗಳನ್ನು ಹುಡುಕುತ್ತ ಹಗಲಿನ ಬಹುಭಾಗವನ್ನು ಕಳೆಯುತ್ತದೆ. ಮಿಕ್ಕ ಹೊತ್ತಿನಲ್ಲಿ ಒಂದರ ಮೈಯನ್ನೊಂದು ಹೇನಾಯ್ದು ಬಾಂಧವ್ಯವನ್ನು ಬಲಪಡಿಸಿಕೊಳ್ಳುತ್ತದೆ. 1960ರಲ್ಲಿ ಟಾಂಗನಿಕಾದ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಅವರು ಕಂಡ ಚಿಂಪಾಂಜಿ ಹುಲ್ಲಿನ ಕಡ್ಡಿಯನ್ನು ಗೆದ್ದಲ ಹುತ್ತಕ್ಕೆ ತೂರಿಸಿ, ಕಚ್ಚಿಕೊಂಡು ಬಂದ ಹುಳುಗಳನ್ನು ತುಟಿಯಿಂದ ಬಳಿದುಕೊಳ್ಳುತ್ತಿದ್ದಿತು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂರೂ ಇರುಳು ಕವಿಯುವ ಮುನ್ನ ಕೊಂಬೆಗಳನ್ನೂ ಎಲೆಗಳನ್ನೂ ಹೆಣೆದು ಹೊಸ ಹಾಸುಗೆಯನ್ನು ಕಟ್ಟಿಕೊಳ್ಳುತ್ತವೆ. ಈ ದುಡಿಮೆಯ ನಿಮಿತ್ತವಾಗಿಯೇ ಅವುಗಳ ಕೈಗೆ ಅಷ್ಟು ಕೌಶಲ, ಮೆದುಳಿಗೆ ಅಷ್ಟು ಚುರುಕು ಬಂದದ್ದು.

ಪಂಜರದಲ್ಲಾಗುವುದೇನು? ತುಂಡರಿಸಿದ ಹಣ್ಣು, ನೆನೆಸಿದ ಕಾಳು, ಬೇಯಿಸಿದ ಗೆಣಸು ಗೊತ್ತಾದ ವೇಳೆಗೆ ಗೊತ್ತಾದ ತಟ್ಟೆಯಲ್ಲಿ ಬರುತ್ತವೆ. ಕಾಡಿನಲ್ಲಿ ಇಡೀ ದಿನ ಬೇಡುತ್ತಿದ್ದ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಸಿಮೆಂಟಿನ ನೆಲ, ಕಬ್ಬಿಣದ ಸರಳು ಮತ್ತು ಮುಗಿಯದ ಹಗಲು. ಉಂಡ ಎಲೆಯ ಮುಂದಿನಿಂದ ಏಳಬಾರದೆಂದು ಒಬ್ಬ ಮನುಷ್ಯನನ್ನು ಸಂಜೆಯವರೆಗೂ ಪಂಕ್ತಿಯಲ್ಲೇ ಕೂರಿಸಿದರೆ ಅವನ ಪಾಡೇನಾದೀತೋ, ಇದರ ಪಾಡೂ ಅದೇ. ಅವನದು ಒಂದು ದಿನದ ಮಾತು, ಇದರದು ಒಂದು ಆಯುಷ್ಯದ ಮಾತು.

ಇಂಥ ಶೂನ್ಯತೆಯ ಫಲ ದೇಹದ ಮೇಲೆಯೇ ಕಾಣಿಸುತ್ತದೆ. ಒಂದೇ ಜಾಡಿನಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇರುವುದು, ಕುಳಿತಲ್ಲೇ ತೂಗಾಡುವುದು, ತನ್ನ ರೋಮವನ್ನು ತಾನೇ ಕಿತ್ತು ಮೈ ಬೋಳಾಗಿಸಿಕೊಳ್ಳುವುದು, ತನ್ನ ತೋಳನ್ನು ತಾನೇ ಕಚ್ಚಿಕೊಳ್ಳುವುದು, ಗೊರಿಲ್ಲಾಗಳಲ್ಲಿ ನುಂಗಿದ್ದನ್ನು ಹೊರಗೆ ತಂದು ಮತ್ತೆ ತಿನ್ನುವುದು: ಇವು ಪಶುವೈದ್ಯರಿಗೂ ಪಾಲಕರಿಗೂ ಚೆನ್ನಾಗಿ ತಿಳಿದಿರುವ ಲಕ್ಷಣಗಳು. ನೋಡುಗರಾದ ನಾವಾದರೋ ಇವನ್ನು ತಪ್ಪಾಗಿ ಓದುವುದರಲ್ಲಿ ನಿಪುಣರು. ತೂಗಾಡುವ ಕಪಿ ಕುಣಿಯುತ್ತಿದೆಯೆನ್ನುತ್ತೇವೆ. ಕಂಬಿಯ ಸಂದಿನಿಂದ ಕೈನೀಡಿದರೆ ನಮ್ಮೊಡನೆ ಸ್ನೇಹ ಬೆಳೆಸುತ್ತಿದೆಯೆನ್ನುತ್ತೇವೆ. ಹಲ್ಲು ಕಿಸಿದರೆ ನಗುತ್ತಿದೆಯೆಂದು ಮಕ್ಕಳಿಗೆ ತೋರಿಸುತ್ತೇವೆ. ಕಪಿಗಳ ಜಾತಿಯಲ್ಲಿ ಹಾಗೆ ಹಲ್ಲು ತೋರುವುದು ಬಹುಮಟ್ಟಿಗೆ ಅಂಜಿಕೆಯ ಅಥವಾ ಅಧೀನತೆಯ ಸಂಜ್ಞೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಪರಿಹಾರದ ವಿಚಾರ ಮಾಡುವಾಗ ಮೊದಲ ಸ್ಥಾನ ಸಹವಾಸಕ್ಕೆ ಸಲ್ಲಬೇಕು. ಹಾರ್ಲೋ 1958ರಲ್ಲಿ ಪ್ರಕಟಿಸಿದ ಲೋಕಪ್ರಸಿದ್ಧವಾದ ಪ್ರಯೋಗದಲ್ಲಿ, ತಾಯಿಯಿಂದ ಅಗಲಿಸಿದ ಮರಿಗಳು ಹಾಲು ಕೊಡುವ ತಂತಿಯ ಬೊಂಬೆಯನ್ನು ಹಸಿವಾದಾಗ ಮಾತ್ರ ಸೇರಿ, ಮಿಕ್ಕ ಹೊತ್ತನ್ನೆಲ್ಲ ಹಾಲಿಲ್ಲದ ಬಟ್ಟೆಯ ಬೊಂಬೆಯನ್ನು ಅಪ್ಪಿಕೊಂಡೇ ಕಳೆದವು. ಆಮೇಲಿನ ವರ್ಷಗಳಲ್ಲಿ ಆತನೇ ನಡೆಸಿದ ಪೂರ್ಣ ಏಕಾಂತದ ಪ್ರಯೋಗಗಳು ಮರಿಗಳನ್ನು ಬಾಳಿಗೇ ಅಯೋಗ್ಯವೆನ್ನುವಷ್ಟು ಭಗ್ನಗೊಳಿಸಿದವು. ಕ್ರೌರ್ಯದಿಂದ ಪಡೆದ ಆ ಜ್ಞಾನವನ್ನು ಕ್ರೌರ್ಯದ ನಿವಾರಣೆಗಾದರೂ ಬಳಸದಿದ್ದರೆ ಅದು ಎರಡನೆಯ ಅಪರಾಧವಾದೀತು. ಇನ್ನು ನಮ್ಮ ನಾಡಿನ ಉದಾಹರಣೆಗೆ ಬಂದರೆ, 1892ರಲ್ಲಿ ಸ್ಥಾಪಿತವಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಐರ್ಲೆಂಡಿನ ಡಬ್ಲಿನ್ ನಗರದಿಂದ 1995ರಲ್ಲಿ ಬಂದ ಪೋಲೋ ಎಂಬ ಗೊರಿಲ್ಲಾ, ಭರತಖಂಡದಲ್ಲೆಲ್ಲ ತನ್ನ ಕುಲಕ್ಕೆ ತಾನೊಬ್ಬನೇ ಎಂಬ ಸ್ಥಿತಿಯಲ್ಲಿ ಅನೇಕ ವರ್ಷಗಳನ್ನು ಕಳೆದು 2014ರಲ್ಲಿ ಕಣ್ಮುಚ್ಚಿದನು. ಪಾಲಕರ ಅಕ್ಕರೆಯಾಗಲಿ, ಜನರ ಅಭಿಮಾನವಾಗಲಿ ಅವನಿಗೆ ಕಡಮೆಯಾಗಿರಲಿಲ್ಲ. ಆದರೆ ಗೊರಿಲ್ಲಾಕ್ಕೆ ಗೊರಿಲ್ಲಾವೇ ಕೊಡಬಲ್ಲ ಸಾಂಗತ್ಯವನ್ನು ಮನುಷ್ಯನು ಕೊಡಲಾರ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳನ್ನು ಜೊತೆಯಾಗಿಯೇ ತರಿಸಿ, ಅವುಗಳಿಗೆಂದೇ ಹೊಸ ಆವರಣವನ್ನು ಕಟ್ಟಿದುದು ಈ ಪಾಠವನ್ನು ನಾವು ಕಲಿತಿದ್ದೇವೆಂಬುದಕ್ಕೆ ಗುರುತಾಗಿದೆ. ಗಂಡುಗಳನ್ನಷ್ಟೇ ಗುಂಪಾಗಿ ಇರಿಸುವ ಕ್ರಮ ಪಶ್ಚಿಮದ ಮೃಗಾಲಯಗಳಲ್ಲಿಯೂ ರೂಢಿಯಲ್ಲಿದೆ.

ಈ ಸಂದರ್ಭದಲ್ಲಿ ನಮ್ಮ ಕಾನೂನಿನಲ್ಲಿದ್ದ ಒಂದು ಲೋಪವನ್ನು ಎತ್ತಿ ತೋರಿಸುವುದು ಅಗತ್ಯ. 1992ರಲ್ಲಿ ರೂಪಿತವಾಗಿ 2009ರವರೆಗೆ ಜಾರಿಯಲ್ಲಿದ್ದ ಮೃಗಾಲಯ ಮಾನ್ಯತಾ ನಿಯಮಗಳು, ಯಾವ ಪ್ರಾಣಿಯನ್ನೂ ಒಂದು ವರ್ಷಕ್ಕೆ ಮೀರಿ ಜೊತೆಯಿಲ್ಲದೆ ಇರಿಸಕೂಡದೆಂದು ವಿಧಿಸಿದವು. ಬಹಳ ಒಳ್ಳೆಯ ವಿಧಿ. ಆದರೆ ಅದರ ಹಿಂದೆಯೇ, ಸಕಾರಣವಿದ್ದಲ್ಲಿ, ಅಥವಾ ಪ್ರಾಣಿಯು ಹರೆಯವನ್ನು ದಾಟಿ ಸಂತಾನಕ್ಕೆ ಉಪಯೋಗವಿಲ್ಲದಂತಾಗಿದ್ದಲ್ಲಿ, ಈ ವಿಧಿ ಅನ್ವಯಿಸದೆಂದು ವಿನಾಯಿತಿಯನ್ನೂ ಕೊಟ್ಟವು. ಅಂದರೆ ಸಂಗಾತಿಯಿರುವುದು ಮರಿಗಳಿಗಾಗಿ, ಮರಿಗಳಾಗದ ವಯಸ್ಸಿನಲ್ಲಿ ಸಂಗಾತಿ ಬೇಡ ಎಂಬ ಭಾವವೇ ಇದರ ಮೂಲದಲ್ಲಿದ್ದುದಾಗಿ ತೋರುತ್ತದೆ. ಹುಲಿಯಂಥ ಒಂಟಿಜೀವಿಗೆ ಈ ಮಾತು ಸಲ್ಲಬಹುದೇನೋ. ಮುಪ್ಪಿನಲ್ಲಿಯೂ ಪರಸ್ಪರ ಮೈಸವರಿಕೊಂಡು ಕಾಲ ಕಳೆಯುವ ವಾನರಕ್ಕೆ ಸಲ್ಲದು. ವಾನರಗಳ ಮಟ್ಟಿಗೆ ಇಂಥ ವಿನಾಯಿತಿಗೆ ಯಾವ ನಿಯಮದಲ್ಲಿಯೂ ಎಡೆಯಿರಬಾರದು. ಸಹವಾಸವನ್ನು ವಂಶೋತ್ಪತ್ತಿಯ ಸಾಧನವೆಂದಲ್ಲದೆ ಪ್ರಾಣಿಯ ಸ್ವಂತ ಹಕ್ಕೆಂದು ಬರೆಯಬೇಕು.

ಸಹವಾಸದ ಬಳಿಕ ಬರುವುದು ಕೆಲಸ. ಮೃಗಾಲಯದವರು ಎನ್‌ರಿಚ್‌ಮೆಂಟ್ ಎಂದು ಕರೆಯುವ ಪರಿಸರ-ಸಮೃದ್ಧೀಕರಣವೆಂದರೆ ಪಂಜರದೊಳಕ್ಕೆ ಒಂದು ಟೈರನ್ನೋ ಚೆಂಡನ್ನೋ ಎಸೆದುಬಿಡುವುದಲ್ಲ. ಅಮೆರಿಕದ ರಾಬರ್ಟ್ ಯರ್ಕಿಸ್ 1925ರಷ್ಟು ಹಿಂದೆಯೇ, ಬಂಧಿತ ವಾನರಗಳಿಗೆ ಆಟಕ್ಕೂ ದುಡಿಮೆಗೂ ಒದಗತಕ್ಕ ಸಲಕರಣೆಗಳನ್ನು ಕಲ್ಪಿಸಿಕೊಡುವುದೇ ಅವುಗಳ ಸ್ಥಿತಿಯನ್ನು ಸುಧಾರಿಸುವ ಮುಖ್ಯ ಮಾರ್ಗವೆಂದು ಬರೆದಿದ್ದನು. ಸ್ವಿಟ್ಜರ್ಲೆಂಡಿನ ಮೃಗಾಲಯಗಳ ನಿರ್ದೇಶಕನಾಗಿದ್ದ ಹೈನಿ ಹೆಡಿಗರ್ 1942ರ ತನ್ನ ಗ್ರಂಥದಲ್ಲಿ, ಆವರಣದ ವಿಸ್ತಾರಕ್ಕಿಂತ ಅದರೊಳಗೆ ಏನಿದೆ ಎಂಬುದೇ ಹೆಚ್ಚಿನದೆಂದು ವಿಶದಪಡಿಸಿದನು. ಇದರ ಅರ್ಥ ಕಪಿಗಳ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಭಯವಾದಾಗ ಮೇಲಕ್ಕೇರುವುದು ಅವುಗಳ ಜಾತಿಸ್ವಭಾವ. ನೋಡುಗರ ಕಣ್ಣಿಗಿಂತ ಕೆಳಗಿನ ಕುಣಿಯಲ್ಲಿ ಇರಿಸಿದರೆ, ಆ ಕುಣಿ ಎಷ್ಟು ಅಗಲವಾಗಿದ್ದರೂ ಅದು ನಿತ್ಯಭೀತಿಯ ನಿವಾಸವೇ ಸರಿ. ಜಪಾನಿನ ಇನುಯಾಮಾದಲ್ಲಿ ಕ್ಯೋಟೋ ವಿಶ್ವವಿದ್ಯಾನಿಲಯದ ಸಂಶೋಧಕರು ತಮ್ಮ ಚಿಂಪಾಂಜಿಗಳಿಗೆ 15 ಮೀಟರ್ ಎತ್ತರದ ಅಟ್ಟಣೆಗಳನ್ನು ಕಟ್ಟಿಸಿಕೊಟ್ಟರು. ಎತ್ತರ ದೊರೆತೊಡನೆ ಚಿಂಪಾಂಜಿಗಳು ಮೇಲೇರಿ ಅಲ್ಲಿಯೇ ಹೊತ್ತು ಕಳೆಯಲಾರಂಭಿಸಿದವು. ತೋಳಿನಿಂದ ತೋಳಿಗೆ ಜೀಕುತ್ತ ಸಾಗುವ ಅಸ್ಸಾಮಿನ ಹೂಲಾಕ್ ಗಿಬ್ಬನ್ನಿಗೆ ಬೇಕಾದುದು ವಿಶಾಲವಾದ ನೆಲವಲ್ಲ, ಉದ್ದಕ್ಕೂ ಎಳೆದು ಕಟ್ಟಿದ ಹಗ್ಗಗಳು ಮತ್ತು ದನಿಗೆ ದನಿಗೂಡಿಸಿ ಹಾಡುವ ಸಂಗಾತಿ.

ಮೇವನ್ನೇ ಕೆಲಸವನ್ನಾಗಿಸುವುದು ಇದರ ಮುಂದಿನ ಹೆಜ್ಜೆ. ನೆಲದ ಮೇಲೆ ಮರದ ಚೂರುಗಳನ್ನೋ ಹುಲ್ಲನ್ನೋ ದಪ್ಪವಾಗಿ ಹರಡಿ ಅದರಲ್ಲಿ ಕಾಳುಗಳನ್ನು ಚೆಲ್ಲಿದರೆ ಹತ್ತು ನಿಮಿಷದ ಊಟ ಗಂಟೆಗಳ ಹುಡುಕಾಟವಾಗುತ್ತದೆ. ಬಿದಿರಿನ ಅಂಡೆಗೆ ರಂಧ್ರ ಕೊರೆದು ಒಳಗೆ ಕಡಲೆ ತುಂಬಿ ತೂಗುಹಾಕುವುದು, ಕೃತಕ ಹುತ್ತವನ್ನು ಕಟ್ಟಿ ಅದರ ತೂತುಗಳಲ್ಲಿ ಜೇನನ್ನಿಟ್ಟು ಕಡ್ಡಿಗಳನ್ನು ಒದಗಿಸುವುದು, ಹಣ್ಣನ್ನು ಹೆಚ್ಚದೆ ಇಡಿಯಾಗಿ ಎಲೆಯಲ್ಲಿ ಸುತ್ತಿ ಕೊಂಬೆಯ ಕವಲಿಗೆ ಸಿಕ್ಕಿಸುವುದು, ಸಂಜೆ ಹಾಸುಗೆ ಹೆಣೆಯಲು ಸೊಪ್ಪುಕೊಂಬೆಗಳನ್ನು ಹಾಕುವುದು, ಇವಾವುದಕ್ಕೂ ಭಾರಿ ಹಣ ಬೇಡ. ಪಾಲಕನ ಕಲ್ಪನೆ ಬೇಕು, ಮತ್ತು ಆ ಕಲ್ಪನೆಗೆ ಮೇಲಧಿಕಾರಿಯ ಮನ್ನಣೆ ಬೇಕು. ಅಷ್ಟೇ ಮುಖ್ಯವಾದದ್ದು ಬದಲಾವಣೆ. ಬುದ್ಧಿವಂತ ಪ್ರಾಣಿಗೆ ಇಂದಿನ ಒಗಟು ಬರುವ ವಾರ ಒಗಟಾಗಿ ಉಳಿಯುವುದಿಲ್ಲ. ಇನ್ನು ಚಿಕಿತ್ಸೆಯ ಮಾತು: ಹಿಂಡುವ ಪಂಜರದಲ್ಲಿ ಒತ್ತಿಹಿಡಿದು ಸೂಜಿ ಚುಚ್ಚುವುದಕ್ಕೆ ಬದಲಾಗಿ, ಮೆಚ್ಚಿನ ತಿಂಡಿ ಕೊಟ್ಟು ತಾನಾಗಿ ತೋಳು ನೀಡುವಂತೆ ಕಪಿಯನ್ನು ಪಳಗಿಸಬಹುದೆಂದು ವಿಸ್ಕಾನ್ಸಿನ್‌ನಲ್ಲಿಯೇ ವಿಕ್ಟರ್ ರೈನ್‌ಹಾರ್ಟ್ ಮುಂತಾದವರು ತೋರಿಸಿಕೊಟ್ಟರು. ಬಲಾತ್ಕಾರ ಬೇಡವೆಂದಾದ ಮೇಲೂ ಅದನ್ನು ಮುಂದುವರಿಸುವುದಕ್ಕೆ ಸಬೂಬು ಉಳಿಯುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಮುಖ್ಯವಾಗಿ ಮೂರು. ಹುಲ್ಲು, ಸೊಪ್ಪು, ಮರದ ಚೂರುಗಳಿಂದ ಕೊಳೆ ಹೆಚ್ಚಿ ರೋಗ ಬರುತ್ತದೆ ಎಂಬುದು ಮೊದಲನೆಯದು. 1982ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಅಧ್ಯಯನವು ಹಲವು ಜಾತಿಯ ವಾನರಗಳ ಕೋಣೆಗಳಲ್ಲಿ ಮರದ ಚೂರುಗಳನ್ನು ದಪ್ಪವಾಗಿ ಹಾಸಿ ಪರೀಕ್ಷಿಸಿ, ಜಗಳ ಕಡಮೆಯಾದುದನ್ನೂ, ಹಾಸು ಹಳೆಯದಾದಷ್ಟೂ ಅದರಲ್ಲಿ ರೋಗಾಣುಗಳ ಬೆಳವಣಿಗೆ ಕುಂಠಿತವಾದುದನ್ನೂ ಕಂಡಿತು. ತೊಳೆದ ಸಿಮೆಂಟೇ ಆರೋಗ್ಯವೆಂಬ ನಂಬಿಕೆಗೆ ಇದೇ ಉತ್ತರ. ಮನುಷ್ಯರೇ ಕಷ್ಟದಲ್ಲಿರುವಾಗ ಕಪಿಗಳ ಬೇಸರಕ್ಕೆ ಮರುಗುವುದೇ ಎಂಬುದು ಎರಡನೆಯದು. ಸ್ವತಂತ್ರವಾಗಿ ಬಾಳುವ ಕಪಿಗೆ ನಾವು ಋಣಿಗಳಲ್ಲವೆಂದು ವಾದಿಸಬಹುದು. ನಮ್ಮ ವಿನೋದಕ್ಕೋ ವಿಜ್ಞಾನಕ್ಕೋ ಕೈಯಾರ ಹಿಡಿದಿಟ್ಟ ಕಪಿಗೆ ಋಣಿಗಳಲ್ಲವೆಂದು ವಾದಿಸುವುದು ನ್ಯಾಯವಲ್ಲ. ಬಂಧನವೇ ಪಾಪವಾಗಿರುವಾಗ ಅದನ್ನು ಅಲಂಕರಿಸುವುದೇಕೆ ಎಂಬ ಮೂರನೆಯ ಆಕ್ಷೇಪ ನೈತಿಕವಾಗಿ ಎಲ್ಲಕ್ಕಿಂತ ತೂಕವುಳ್ಳದ್ದು. ಅದನ್ನು ಒಪ್ಪಿದರೂ ಕೂಡ, ಬಂಧನದಲ್ಲಿಯೇ ಹುಟ್ಟಿ ಬೆಳೆದು ಕಾಡಿನಲ್ಲಿ ಬದುಕಲು ತಿಳಿಯದ ಸಾವಿರಾರು ಜೀವಗಳು ಈಗಾಗಲೇ ನಮ್ಮ ಕೈಯಲ್ಲಿವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2015ರಲ್ಲಿ ತನ್ನ ಚಿಂಪಾಂಜಿಗಳನ್ನೆಲ್ಲ ಪ್ರಯೋಗಗಳಿಂದ ನಿವೃತ್ತಗೊಳಿಸಲು ನಿಶ್ಚಯಿಸಿದಾಗಲೂ ಅವನ್ನು ಆಫ್ರಿಕದ ಕಾಡಿಗೆ ಬಿಡಲಾಗಲಿಲ್ಲ. ಲೂಯಿಸಿಯಾನದ ಆಶ್ರಯಧಾಮವೊಂದರಲ್ಲಿ ಮರ, ಗುಂಪು, ಕೆಲಸಗಳನ್ನು ಕೊಟ್ಟು ಸಾಕಬೇಕಾಯಿತು. ಬಂಧನ ಕೊನೆಗಾಣಬೇಕೆಂದು ಹಂಬಲಿಸುವವನಿಗೂ, ಕೊನೆಗಾಣುವವರೆಗೆ ಅದನ್ನು ಸಹನೀಯವಾಗಿಸುವ ಹೊಣೆ ತಪ್ಪಿದ್ದಲ್ಲ.

ಭಾರತಕ್ಕೆ ಈ ಹೊಣೆ ಇತರರಿಗಿಂತ ಒಂದು ಪಾಲು ಹೆಚ್ಚು. ಪೋಲಿಯೋ ಲಸಿಕೆಯನ್ನು ಕಪಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸುತ್ತಿದ್ದ 1950ರ ದಶಕದಲ್ಲಿ, ಹನುಮಂತನ ಗುಡಿಯಿಲ್ಲದ ಊರು ಅಪರೂಪವಾದ ನಮ್ಮ ದೇಶದಿಂದ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಕಪಿಗಳು ಹೊರಗೆ ಹೋದವು. 1955ರ ಜನವರಿಯಲ್ಲಿ ಹಾಗೆ ಹೋಗುತ್ತಿದ್ದ 394 ಕಪಿಗಳು ಲಂಡನ್ ವಿಮಾನನಿಲ್ದಾಣದಲ್ಲಿ ಉಸಿರುಕಟ್ಟಿ ಸತ್ತವು. ರಫ್ತು ಪೂರ್ಣವಾಗಿ ನಿಂತುದು ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾಗಿದ್ದ 1978ರಲ್ಲಿ. ಕಪಿಗಳನ್ನು ಕುಣಿಸಿ ಪ್ರದರ್ಶಿಸುವುದನ್ನು ಕೇಂದ್ರ ಸರ್ಕಾರ 1998ರ ಅಧಿಸೂಚನೆಯಲ್ಲಿ ನಿಷೇಧಿಸಿತು, ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಅದನ್ನು ಎತ್ತಿಹಿಡಿಯಿತು. ಇವೆಲ್ಲವೂ ಬೇಡದ್ದನ್ನು ತಡೆದ ಕ್ರಮಗಳು. ಬೇಕಾದುದನ್ನು ಒದಗಿಸುವ ಕ್ರಮ ಇವುಗಳ ಮುಂದಿನದು. ಅಮೆರಿಕವು 1985ರಲ್ಲಿ ತನ್ನ ಪ್ರಾಣಿಕಲ್ಯಾಣ ಶಾಸನವನ್ನು ತಿದ್ದಿ, ವಾನರಗಳ ಮಾನಸಿಕ ಸ್ವಾಸ್ಥ್ಯಕ್ಕೆ ಅನುಕೂಲವಾದ ಪರಿಸರವನ್ನು ಒದಗಿಸಬೇಕೆಂದು ಪ್ರಯೋಗಶಾಲೆಗಳಿಗೂ ಪ್ರದರ್ಶಕರಿಗೂ ವಿಧಿಸಿತು. ಆ ಶಾಸನದ ಅನುಷ್ಠಾನದಲ್ಲಿ ಕೊರತೆಗಳುಂಟು. ಆದರೆ ಮನಸ್ಸೆಂಬುದೊಂದು ಆ ಪ್ರಾಣಿಗಿದೆಯೆಂದು ಶಾಸನವೇ ಒಪ್ಪಿಕೊಂಡುದು ಸಣ್ಣ ಸಂಗತಿಯಲ್ಲ.

ನಾವೇನು ಮಾಡಬೇಕು? ಪ್ರತಿಯೊಂದು ಮೃಗಾಲಯವೂ ಪ್ರಯೋಗಶಾಲೆಯೂ ತನ್ನ ವಾನರಗಳು ಹಗಲನ್ನು ಹೇಗೆ ಕಳೆಯುತ್ತವೆಂಬುದನ್ನು ನಿಯತವಾಗಿ ದಾಖಲಿಸಿ ಪ್ರಕಟಿಸಬೇಕು: ಮೇವಿನ ಹುಡುಕಾಟದಲ್ಲಿ ಎಷ್ಟು ಹೊತ್ತು, ಸಂಗಡಿಗರೊಡನೆ ಎಷ್ಟು ಹೊತ್ತು, ತೂಗಾಟ ಅಲೆದಾಟಗಳಲ್ಲಿ ಎಷ್ಟು ಹೊತ್ತು. ವಾನರವಿಜ್ಞಾನದಲ್ಲಿ ನುರಿತ ವಿದ್ವಾಂಸರು ಮೈಸೂರು ಬೆಂಗಳೂರುಗಳಲ್ಲಿಯೇ ಇರುವುದರಿಂದ ಕರ್ನಾಟಕದ ಮೃಗಾಲಯ ಪ್ರಾಧಿಕಾರಕ್ಕೆ ಇದು ಕಷ್ಟದ ಕೆಲಸವಲ್ಲ. ಎರಡನೆಯದಾಗಿ, ಮೈಸೂರಿನಲ್ಲಿ 2001ರಿಂದ ನಡೆದುಬಂದಿರುವ, ಪ್ರಾಣಿಯೊಂದರ ಪೋಷಣೆಯ ವೆಚ್ಚವನ್ನು ಸಾರ್ವಜನಿಕರು ವಹಿಸಿಕೊಳ್ಳುವ ದತ್ತು ಯೋಜನೆಯಲ್ಲಿ, ಹಗ್ಗ, ಅಟ್ಟಣೆ, ಒಗಟಿನ ಪೆಟ್ಟಿಗೆಗಳಿಗೆಂದೇ ಒಂದು ಪಾಲನ್ನು ಹೆಸರಿಸಿ ಮೀಸಲಿಟ್ಟರೆ ದಾನಿಗಳು ಸಂತೋಷದಿಂದಲೇ ಕೊಟ್ಟಾರು.

ಮೂರನೆಯ ಮಾತು ಅಧಿಕಾರಿಗಳಿಗಲ್ಲ, ನಮಗೆ. ಭಾರತದ ಮೃಗಾಲಯಗಳಲ್ಲಿರುವ ಸಿಂಗಳೀಕಗಳನ್ನು ಕುರಿತು ಅವಂತಿ ಮಲ್ಲಾಪುರ್, ಅನಿಂದ್ಯ ಸಿನ್ಹಾ, ನಟಾಲಿ ವಾರನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೇಕ್ಷಕರು ಬಂದಾಗ ಆ ಪ್ರಾಣಿಗಳ ವಿಕೃತ ವರ್ತನೆಗಳು ಹೆಚ್ಚಾಗುವುದು ಕಂಡುಬಂದಿತು. ನಾವು ಪ್ರೀತಿಯಿಂದ ನೋಡಲು ಹೋದ ಪ್ರಾಣಿಗೆ ನಮ್ಮ ಬರವೇ ಕ್ಲೇಶವಾಗುತ್ತಿರುವುದು ಪ್ರಾಣಿಯ ದೋಷವಲ್ಲ, ನಾವು ನೋಡುವ ರೀತಿಯ ದೋಷ. ಆದುದರಿಂದ, ಓದುಗರೇ, ಮುಂದಿನ ಸಲ ಮಕ್ಕಳನ್ನು ಮೃಗಾಲಯಕ್ಕೆ ಕರೆದೊಯ್ದಾಗ ಕಪಿಯ ಆವರಣದ ಮುಂದೆ ಕೂಗಬೇಡಿ, ಕಂಬಿ ಬಡಿಯಬೇಡಿ, ಕಡಲೆಕಾಯಿ ಎಸೆಯಬೇಡಿ. ಅದು ಎಲೆಗಳ ಮರೆಯಲ್ಲಿ ಕುಳಿತು ಕಣ್ಣಿಗೆ ಬೀಳದಿದ್ದರೆ ಕೊಟ್ಟ ಹಣ ವ್ಯರ್ಥವಾಯಿತೆಂದು ದೂರಬೇಡಿ. ಅಡಗಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟ ಮೃಗಾಲಯವೇ ಒಳ್ಳೆಯ ಮೃಗಾಲಯವೆಂದು ಮಕ್ಕಳಿಗೆ ತಿಳಿಸಿಹೇಳಿ. ಎಲ್ಲಿಯಾದರೂ ಒಂಟಿಯಾಗಿ, ಬರಿಯ ನೆಲದ ಮೇಲೆ, ತೂಗಾಡುತ್ತ ಕುಳಿತ ವಾನರವನ್ನು ಕಂಡಿರಾದರೆ, ನಗದೆ, ಅಲ್ಲಿಯ ಅಧಿಕಾರಿಗೆ ಒಂದು ಪತ್ರ ಬರೆದು, ಇದಕ್ಕೆ ಜೊತೆಯೇಕಿಲ್ಲ, ಕೆಲಸವೇಕಿಲ್ಲ ಎಂದು ಕೇಳಿ. ಉತ್ತರ ಬರುವವರೆಗೂ ಕೇಳುತ್ತಿರಿ.